ಹೊಂಪುಡಿಯ ಹೆಪ್ಪು

ಮೊದಲು ಕಾಣಿಸಿಕೊಂಡದ್ದು ಒಂಟಿ ಚಪ್ಪಲಿಗಳು.

ತೊರೆಕೊಪ್ಪಲಿನ ಸಂತೆ ಬೀದಿಯಲ್ಲಿ, ನಾಲೆ ಏರಿಯ ಮೇಲೆ, ಶಾಲೆಯ ಗೇಟಿನ ಮುಂದೆ, ಎಲ್ಲೆಂದರಲ್ಲಿ ಒಂದೊಂದು ಚಪ್ಪಲಿ ಬಿದ್ದಿರುತ್ತಿತ್ತು. ಅದರ ಜೋಡಿ ಮಾತ್ರ ಸುತ್ತಮುತ್ತ ಎಲ್ಲೂ ಇರುತ್ತಿರಲಿಲ್ಲ. ಊರಿನವರು ಮೊದಮೊದಲು ನಾಯಿಗಳನ್ನು ಬೈದರು. ಆಮೇಲೆ ಊರಲ್ಲಿ ಕುಡುಕರು ಜಾಸ್ತಿಯಾದರು ಎಂದು ನಕ್ಕರು. ಒಂದು ಮಧ್ಯಾಹ್ನ ಅಂಚೆ ಕಚೇರಿಯ ಮುಂದೆ ಎಲ್ಲರ ಕಣ್ಣೆದುರಿಗೇ ಒಬ್ಬ ಹೆಂಗಸಿನ ಬಲಗಾಲ ಚಪ್ಪಲಿ ಕಳಚಿಕೊಂಡಿತು. ಆಕೆ ಅದನ್ನು ಬಿಟ್ಟು, ಕಾದು ಕೆಂಡವಾಗಿದ್ದ ಟಾರು ರಸ್ತೆಯ ಮೇಲೆ ಆರಾಮಾಗಿ ನಡೆದು ಹೋದಳು. ಯಾರೋ ಹಿಂದಿನಿಂದ ಕೂಗಿದಾಗ ನಿಂತು ತನ್ನ ಕಾಲನ್ನು ನೋಡಿಕೊಂಡಳು. ನಗಲು ಸಿದ್ಧರಾಗಿದ್ದವರು ಆಕೆಯ ಮುಖ ನೋಡಿ ತಮ್ಮ ತಮ್ಮ ಕಾಲು ನೋಡಿಕೊಂಡರು.

ಇದು ಹಸುಗಳು ಹೋದ ಮೇಲಿನ ಕಾಲ. ಕೆಚ್ಚಲುಜ್ವರ ಎಂಬ ಒಂದು ರೋಗ ಬಂದು ದೇಶದ ದನಗಳನ್ನೆಲ್ಲ ಗುಡಿಸಿಕೊಂಡು ಹೋಗಿತ್ತು. ಎಮ್ಮೆಯೂ ಉಳಿಯಲಿಲ್ಲ. ಹಾಲು, ಮೊಸರು, ತುಪ್ಪ ಎಲ್ಲ ಹಳಬರ ಮಾತಿನಲ್ಲಷ್ಟೇ ಉಳಿದವು. ಜನ ಕಡಲೆಕಾಯಿ ರುಬ್ಬಿ, ಸೋಸಿ, ಅದನ್ನೇ ಹಾಲು ಎಂದು ಕರೆಯುವುದನ್ನು ಕಲಿತರು. ಕಲಿಯದೆ ಏನು ಮಾಡುವುದು? ಆದರೆ ಹಸುವಿನ ಹಾಲಿನಲ್ಲಿದ್ದ ಕೆಲವು ಜೀವಸತ್ವಗಳು ಈ ಹಾಲಿನಲ್ಲಿ ಇರಲಿಲ್ಲ. ಮಕ್ಕಳು ಬಿಳಿಚಿಕೊಂಡರು, ಬಸುರಿಯರು ತಲೆಸುತ್ತಿ ಬಿದ್ದರು. ಆಗ ಸಕ್ಕರೆ ಕಾರ್ಖಾನೆಯ ಪಕ್ಕದಲ್ಲಿ ಹೊಂಪುಡಿ ಕಾರ್ಖಾನೆ ಎದ್ದಿತು.

ಹೊಂಪುಡಿ ಎಂದರೆ ಯೀಸ್ಟ್. ಬ್ರೆಡ್ಡಿಗೆ ಹಾಕುವ ಯೀಸ್ಟಿನ ದಾಯಾದಿ. ಕಬ್ಬಿನ ಕಾಕಂಬಿಯನ್ನು ದೊಡ್ಡ ತೊಟ್ಟಿಗಳಲ್ಲಿ ತುಂಬಿ, ಅದರಲ್ಲಿ ಇದನ್ನು ಬೆಳೆಸಿ, ಕೊನೆಗೆ ಉಗಿಯಿಂದ ಕಾದ ಉರುಳೆಯ ಮೇಲೆ ಹರಿಸಿ ಕೊಂದು, ಒಣಗಿಸಿ, ಹಳದಿ ಚಕ್ಕೆ ಮಾಡಿ ಮನೆಮನೆಗೆ ಹಂಚುತ್ತಿದ್ದರು. ಸಾಮಾನ್ಯ ಯೀಸ್ಟ್ ತನಗೆ ಬೇಕಾದಷ್ಟೇ ಜೀವಸತ್ವ ಮಾಡಿಕೊಂಡು ಸುಮ್ಮನಾಗುತ್ತದೆ. ಈ ತಳಿಯಲ್ಲಿ ಆ ಸುಮ್ಮನಾಗುವ ಗುಣವನ್ನೇ ತೆಗೆದುಹಾಕಿದ್ದರು. ಬದುಕಿರುವಷ್ಟು ಹೊತ್ತೂ ಅದು ಬಿ-ಒನ್, ಬಿ-ಸಿಕ್ಸ್ ಎಂದು ಮಾಡುತ್ತಲೇ ಇರುತ್ತದೆ. ಸಾಕು ಎನಿಸಿದಾಗ ಕಾರ್ಖಾನೆಯವರು ಅದನ್ನು ಕೊಲ್ಲುತ್ತಿದ್ದರು. ಲೆಕ್ಕ ಅಲ್ಲಿಗೆ ಮುಗಿಯುತ್ತಿತ್ತು.

ಅದು ನಿಜವಾಗಿ ಸತ್ತಿದೆಯೇ ಎಂದು ನೋಡುವ ಕೆಲಸ ಸಿಂಚನಾಳದು. ಅವಳು ಕಾರ್ಖಾನೆಯ ಲ್ಯಾಬಿನ ಮುಖ್ಯಸ್ಥೆ. ಪ್ರತಿ ಮೂಟೆಯಿಂದ ಒಂದು ಚಿಟಿಕೆ ತೆಗೆದು, ಗಾಜಿನ ತಟ್ಟೆಯಲ್ಲಿ ಹರಡಿ, ಬೆಚ್ಚಗಿಟ್ಟು, ಏನಾದರೂ ಮೊಳೆಯುತ್ತದೆಯೇ ಎಂದು ಕಾಯುತ್ತಿದ್ದಳು. ಯಾವತ್ತೂ ಏನೂ ಮೊಳೆತದ್ದಿಲ್ಲ.

ಹಾಗಾಗಿ ಪಕ್ಕದ ಮನೆಯ ಸುಕನ್ಯಕ್ಕ ಕಾಂಪೌಂಡಿನ ಆಚೆಯಿಂದ, “ಸಿಂಚು, ದಿನಾ ತಿಂದ್ರೆ ಏನೂ ಆಗಕಿಲ್ವೇನೇ ಇದು?” ಎಂದು ಕೇಳಿದಾಗಲೆಲ್ಲ ಅವಳಲ್ಲಿ ಒಂದೇ ಉತ್ತರ ಸಿದ್ಧವಿತ್ತು.

“ಏನೂ ಆಗಲ್ಲ ಸುಕನ್ಯಕ್ಕ. ಅದು ಸತ್ತಿರೋ ಪುಡಿ. ಧೈರ್ಯವಾಗಿ ತಿನ್ನಿ.”

ಅವಳು ಸುಳ್ಳು ಹೇಳುತ್ತಿರಲಿಲ್ಲ. ಪುಡಿ ತಿಂದರೆ ಏನೂ ಆಗುವುದಿಲ್ಲ ಎಂಬ ಅವಳ ಮಾತು ಕೊನೆಯವರೆಗೂ ಸುಳ್ಳಾಗಲೂ ಇಲ್ಲ. ಈ ಕಥೆಯ ಕೇಡು ಇರುವುದು ಅಲ್ಲೇ.

ಒಂದು ಸಂಜೆ ಸಿಂಚನಾ ನಡುಮನೆಯಲ್ಲಿ ಕೂತು ಮಗಳ ಕಾಲನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ಎರಡನೇ ಕ್ಲಾಸಿನ ಅನ್ವಿಗೆ ಇದು ದಿನದ ಆಟ. ಅವಳು ಕಣ್ಣು ಮುಚ್ಚಿಕೊಳ್ಳಬೇಕು, ಅಮ್ಮ ಅವಳ ಅಂಗಾಲಿನ ಮೇಲೆ ಉಗುರಿನಿಂದ ಒಂದು ಅಕ್ಷರ ಬರೆಯಬೇಕು, ಅವಳು ಅದು ಯಾವುದೆಂದು ಹೇಳಬೇಕು. ಅರ್ಧ ಬರೆಯುವಷ್ಟರಲ್ಲೇ ಕಚಗುಳಿ ತಡೆಯಲಾರದೆ ಹೊರಳಾಡಿ ನಗುತ್ತಿದ್ದಳು.

“ಮ! ಮ ಕಣಮ್ಮ! ಸಾಕು, ಸಾಕು!”

ಒಳಗೆ ಅತ್ತೆ ಜಯಶೀಲಮ್ಮ ಹೆಪ್ಪು ಹಾಕುತ್ತಿದ್ದರು. ಆ ಹೆಪ್ಪಿನ ವಿಷಯ ಇಲ್ಲೇ ಹೇಳಿಬಿಡಬೇಕು. ಜಯಶೀಲಮ್ಮನವರ ಹಸು ಗೌರಿ ಸಾಯುವ ಹಿಂದಿನ ದಿನ ಕೊಟ್ಟ ಹಾಲಿಗೆ ಅವರು ಹೆಪ್ಪು ಹಾಕಿದ್ದರು. ಆ ಮೊಸರಿನಿಂದ ಒಂದು ಚಮಚ ಎತ್ತಿ ಮಾರನೆಯ ದಿನ ಕಡಲೆಕಾಯಿ ಹಾಲಿಗೆ ಬಿಟ್ಟರು. ಅದರಿಂದ ಒಂದು ಚಮಚ ಅದರ ಮಾರನೆಯ ದಿನಕ್ಕೆ. ಹೀಗೆ ವರ್ಷಗಟ್ಟಲೆ ಒಂದು ದಿನವೂ ತಪ್ಪದೆ ನಡೆದು ಬಂದಿತ್ತು. ಬೀದಿಯಲ್ಲಿ ಯಾರ ಮನೆಯಲ್ಲಿ ಮೊಸರಾಗುತ್ತಿದ್ದರೂ ಅದು ಜಯಶೀಲಮ್ಮನವರ ಮನೆಯಿಂದ ಹೋದ ಹೆಪ್ಪೇ. ಕೇಳಿ ಬಂದವರಿಗೆ ದೀಪ ಹಚ್ಚಿದ ಮೇಲೆ ಕೊಡುತ್ತಿರಲಿಲ್ಲ, ಹಗಲಲ್ಲಿ ಬಂದರೆ ಇಲ್ಲ ಎನ್ನುತ್ತಿರಲಿಲ್ಲ. ಕಡಲೆಕಾಯಿ ಹಾಲಿನ ಮೊಸರು ನೀರು ನೀರಾಗಿ, ಸಪ್ಪೆಯಾಗಿ ಇರುತ್ತಿತ್ತು. ಒಂದು ದಿನ ಅವರಿಗೆ ಏನನ್ನಿಸಿತೋ, ಒಂದು ಚಿಟಿಕೆ ಹೊಂಪುಡಿ ಉದುರಿಸಿ ನೋಡಿದರು. ಮೊಸರು ಗಟ್ಟಿಯಾಯಿತು, ಹುಳಿ ಬಂತು, ಹಸುವಿನ ಮೊಸರಿನ ಹಾಗೆ ಬಣ್ಣವೂ ಬಂತು. ಅವತ್ತು ಜಯಶೀಲಮ್ಮ ಅಡುಗೆಮನೆಯಲ್ಲಿ ಒಬ್ಬರೇ ಕೂತು ಅತ್ತಿದ್ದರು. ಬೀದಿಯವರೆಲ್ಲ ಅದನ್ನೇ ಕಲಿತರು.

ಚರಣ್ ಮನೆಗೆ ಬಂದ. ಅವನು ಸಿಂಚನಾಳ ಗಂಡ, ಶಾಲೆಯ ಬಸ್ಸಿನ ಡ್ರೈವರ್. ಬಂದವನೇ, “ಅವ್ವಾ, ಒಸಿ ಕಾಫಿ ಕೊಡು,” ಎಂದು ಕುರ್ಚಿಯಲ್ಲಿ ಕೂತ.

ಅನ್ವಿ ಕಣ್ಣು ಬಿಟ್ಟು ನೆಲ ನೋಡಿದಳು. “ಅಜ್ಜೀ, ಬಾ ಇಲ್ಲಿ! ಅಪ್ಪ ಕೃಷ್ಣನ ಹೆಜ್ಜೆ ಹಾಕವ್ರೆ!”

ಬಾಗಿಲಿನಿಂದ ಕುರ್ಚಿಯವರೆಗೆ ಕೆಂಪು ಹೆಜ್ಜೆಗಳಿದ್ದವು. ಎಲ್ಲವೂ ಎಡಗಾಲಿನವು.

ಸಿಂಚನಾ ಎದ್ದು ಅವನ ಕಾಲನ್ನು ಎತ್ತಿ ನೋಡಿದಳು. ಬಾಟಲಿಯ ಗಾಜಿನ ಚೂರು ಹಿಮ್ಮಡಿಯಲ್ಲಿ ಅರ್ಧ ಇಳಿದು ಕೂತಿತ್ತು. ಅವಳು ಅದನ್ನು ಎಳೆದು ತೆಗೆದಳು. ಚರಣ್ ಕಾಫಿ ಲೋಟಕ್ಕೆ ಕೈ ಚಾಚಿಕೊಂಡು ಅಮ್ಮನ ಕಡೆಗೇ ನೋಡುತ್ತಿದ್ದ. ಅವನಿಗೆ ಎಳೆದದ್ದೂ ಗೊತ್ತಾಗಲಿಲ್ಲ.

“ರೀ, ನೋವಾಗ್ಲಿಲ್ವಾ?”

“ಏನು?” ಎಂದು ಬಗ್ಗಿ ನೋಡಿದ. ಮಗಳು ಅಜ್ಜಿಯ ಜೊತೆ ಒಳಗೆ ಹೋದ ಮೇಲೆ ದನಿ ತಗ್ಗಿಸಿ ಹೇಳಿದ. “ಕಾಲು ಒಂಥರಾ ಜೋಮು ಹಿಡ್ದಂಗೆ ಅದೆ ಕಣೆ. ಸುಮಾರು ದಿನಾ ಆಯ್ತು. ಯಾರ್ಗೂ ಹೇಳ್ಬೇಡ. ಗೊತ್ತಾದ್ರೆ ಸ್ಟೀರಿಂಗಿಂದ ಇಳುಸ್ಬುಡ್ತಾರೆ.”

ಆ ಬಸ್ಸಿನಲ್ಲಿ ಊರಿನ ಮಕ್ಕಳೆಲ್ಲ ಹೋಗುತ್ತಿದ್ದರು. ಡ್ರೈವರಿನ ಪಕ್ಕದ ಮೊದಲ ಸೀಟಿನಲ್ಲಿ ಅನ್ವಿ ಕೂರುತ್ತಿದ್ದಳು. ಶಾಲೆಯಿಂದ ಬರುವ ದಾರಿ ನಾಲೆ ಏರಿಯ ಮೇಲೇ ಇತ್ತು.

ಮಾರನೆಯ ಬೆಳಿಗ್ಗೆ ಅವನನ್ನು ಬಲವಂತವಾಗಿ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಹೊರಗೆ ಬೆಂಚಿನ ತುಂಬ ಜನ ಕಾಲು ನೀಡಿಕೊಂಡು ಕೂತಿದ್ದರು. ಒಬ್ಬೊಬ್ಬರ ಕಾಲಿನಲ್ಲೂ ಸುಟ್ಟ ಗಾಯ, ಕೊಯ್ದ ಗಾಯ. ಯಾರೂ ನರಳುತ್ತಿರಲಿಲ್ಲ. ಇಷ್ಟು ಗಾಯಗಳ ನಡುವೆ ಅಷ್ಟು ಮೌನವನ್ನು ಸಿಂಚನಾ ಎಲ್ಲೂ ಕಂಡಿರಲಿಲ್ಲ.

ಡಾಕ್ಟರ್ ಫಿರೋಜಾ ಒಂದು ಸಣ್ಣ ಸುತ್ತಿಗೆಯಿಂದ ಚರಣ್‌ನ ಮಂಡಿ ತಟ್ಟಿದರು. ಕಾಲು ಅಲ್ಲಾಡಲಿಲ್ಲ.

“ನರಗಳಿಗೆ ಬಿ ಜೀವಸತ್ವ ಸಾಕಾಗ್ತಾ ಇಲ್ಲ. ಹಾಲಿಲ್ಲದ ಕಾಲ ನೋಡಿ, ಊರಿಗೆಲ್ಲ ಇದೇ ಆಗಿದೆ,” ಎಂದರು. “ಬಿ-ಕಾಂಪ್ಲೆಕ್ಸ್ ಮಾತ್ರೆ ಬರೆದಿದೀನಿ. ಹೊಂಪುಡಿ ಒಂದು ಚಮಚ ತಿಂತಿದ್ರೆ ಎರಡು ಮಾಡಿ. ನಿಮ್ಮ ಕಾರ್ಖಾನೆಯದ್ದೇ ಅಲ್ವಾ ಮೇಡಂ, ದಿನಾ ಎರಡು ಚಮಚ ತಿಂದ್ರೆ ಅಪಾಯ ಏನಿಲ್ಲ ತಾನೇ?”

“ಮೂರು ತಿಂದರೂ ಇಲ್ಲ,” ಎಂದಳು ಸಿಂಚನಾ.

ಹೇಳಿದಳು ನಿಜ, ಆದರೆ ಅನುಮಾನ ಬಿಡಲಿಲ್ಲ. ಬಿ-ಸಿಕ್ಸ್ ಎನ್ನುವುದು ವಿಚಿತ್ರ ವಸ್ತು. ಕಡಿಮೆಯಾದರೆ ಕಾಲು ಜೋಮು ಹಿಡಿಯುತ್ತದೆ. ಅತಿಯಾಗಿ ಹೆಚ್ಚಾದರೂ ಕಾಲು ಜೋಮೇ ಹಿಡಿಯುತ್ತದೆ. ಹೊರಗಿನಿಂದ ನೋಡಿದರೆ ಎರಡಕ್ಕೂ ವ್ಯತ್ಯಾಸ ಕಾಣುವುದಿಲ್ಲ. ಪುಡಿಯಲ್ಲಿ ಅದು ಮಿತಿ ಮೀರಿದ್ದರೆ, ಡಾಕ್ಟರು ಊರಿಗೆ ಔಷಧಿಯ ಹೆಸರಿನಲ್ಲಿ ವಿಷವನ್ನೇ ಎರಡು ಪಟ್ಟು ಕುಡಿಸುತ್ತಿದ್ದಾರೆ ಎಂದಾಗುತ್ತಿತ್ತು.

ಅವತ್ತೇ ಲ್ಯಾಬಿಗೆ ಹೋಗಿ ಗೋಡೌನಿನಲ್ಲಿದ್ದ ಹೊಸ ಮೂಟೆ, ಹಳೆ ಮೂಟೆ ಎಲ್ಲವನ್ನೂ ಅಳೆದಳು. ಎಲ್ಲದರಲ್ಲೂ ಇರಬೇಕಾದಷ್ಟೇ ಇತ್ತು. ಗಾಜಿನ ತಟ್ಟೆಗಳನ್ನೂ ಮತ್ತೆ ಹರಡಿದಳು. ಏನೂ ಮೊಳೆಯಲಿಲ್ಲ.

ತೊಟ್ಟಿ ವಿಭಾಗದ ಬೋಪಯ್ಯ ಬಾಗಿಲಲ್ಲಿ ನಿಂತು ನೋಡುತ್ತಿದ್ದ. ಕೊಡಗಿನವನು, ಒಂಟಿ ಮನುಷ್ಯ, ಕ್ವಾರ್ಟರ್ಸಿನಲ್ಲಿ ಇರುವವನು. ಅವನ ಜೇಬಿನಲ್ಲಿ ಯಾವಾಗಲೂ ಹುರಿದ ಜೋಳದ ಪೊಟ್ಟಣವಿರುತ್ತಿತ್ತು. ಅದಕ್ಕೆ ಹೊಂಪುಡಿಯನ್ನು ಮುಷ್ಟಿಗಟ್ಟಲೆ ಸುರಿದುಕೊಂಡು ತಿನ್ನುತ್ತಿದ್ದ.

“ಪುಡಿಯಲ್ಲಿ ತಪ್ಪು ಹುಡುಕ್ತಿದೀರಾ ಮೇಡಂ?” ಎಂದು ಬಾಯಿ ಆಡಿಸುತ್ತಾ ನಕ್ಕ. “ಊರಿನವರು ಒಂದು ವಾರಕ್ಕೆ ತಿನ್ನೋದನ್ನ ನಾನು ಒಂದು ದಿನಕ್ಕೆ ತಿಂತೀನಿ. ನೋಡಿ, ಬೇಕಾದರೆ ಇಲ್ಲೇ ಕುಣಿದು ತೋರಿಸ್ತೀನಿ.” ಕುಣಿದೂ ತೋರಿಸಿದ.

ಸಿಂಚನಾಳಿಗೂ ನಗು ಬಂತು. ಎದೆ ಹಗುರಾಯಿತು. ಅವತ್ತು ಸಂಜೆ ಮನೆಗೆ ಹೋಗಿ ಗಂಡನ ತಟ್ಟೆಗೆ ತಾನೇ ಎರಡು ಚಮಚ ಹೊಂಪುಡಿ ಉದುರಿಸಿದಳು. ಮೇಲೆ ಮೊಸರನ್ನ ಕಲಸಿ ಕೊಟ್ಟಳು. ಮಗಳಿಗೂ ಕೊಟ್ಟಳು.

ಚರಣ್ ಚೇತರಿಸಿಕೊಳ್ಳಲಿಲ್ಲ. ಕೇಳಿದರೆ, “ಈಗ ಎಷ್ಟೋ ವಾಸಿ ಕಣೆ,” ಎನ್ನುತ್ತಿದ್ದ. ಬಸ್ಸು ಬಿಡು ಎಂದರೆ, “ಗಾಜು ಚುಚ್ಚಿದ್ದು ಗೊತ್ತಾಗ್ಲಿಲ್ಲ ಅಷ್ಟೇ, ಬ್ರೇಕು ಗೊತ್ತಾಯ್ತದೆ,” ಎಂದು ಮಾತು ಮುಗಿಸುತ್ತಿದ್ದ. ನಂಬಿದರೆ ನೆಮ್ಮದಿ ಎನ್ನುವ ಕಾರಣಕ್ಕೇ ಅವಳು ನಂಬಿದಳು. ಊರಿನಲ್ಲಿ ಚಪ್ಪಲಿ ಹಾಕುವುದನ್ನೇ ಬಿಟ್ಟು ಜನ ಶೂ ಕಟ್ಟಿಕೊಳ್ಳತೊಡಗಿದ್ದರು. ಹೆಂಗಸರು ಒಲೆಯ ಮುಂದೆ ನಿಲ್ಲುವಾಗ ಬಗ್ಗಿ ಬಗ್ಗಿ ತಮ್ಮ ಕಾಲು ನೋಡಿಕೊಳ್ಳುತ್ತಿದ್ದರು. ಕತ್ತಲಾದ ಮೇಲೆ ಯಾರೂ ಹೊರಗೆ ಬರುತ್ತಿರಲಿಲ್ಲ. ಕಣ್ಣಿಗೆ ಕಾಣದಿದ್ದರೆ ಕಾಲು ಎಲ್ಲಿದೆ ಎಂದೇ ತಿಳಿಯುತ್ತಿರಲಿಲ್ಲ.

ಒಂದು ಬೆಳಿಗ್ಗೆ ಸಿಂಚನಾ ಸ್ನಾನಕ್ಕೆ ನೀರು ತೋಡಿಕೊಂಡು ಮೊದಲ ಚೊಂಬನ್ನು ಕಾಲಿಗೆ ಸುರಿದುಕೊಂಡಳು. ಹಿತವಾಗಿದೆ ಎನಿಸಿತು. ಎರಡನೆಯ ಚೊಂಬನ್ನು ಭುಜಕ್ಕೆ ಸುರಿದುಕೊಂಡಾಗ ಚೀರಿದಳು. ನೀರು ಕುದಿಯುತ್ತಿತ್ತು. ಪಾದದ ಮೇಲೆ ಆಗಲೇ ಬೊಬ್ಬೆ ಏಳುತ್ತಿತ್ತು, ಅದನ್ನು ಅವಳು ಬೇರೆಯವರ ಕಾಲು ನೋಡುವಂತೆ ನೋಡಿದಳು. ಬಚ್ಚಲಿನ ನೆಲದ ಮೇಲೆ ಕೂತು ಬಿಟ್ಟಳು. ಹೆದರಿಕೆ ಎಂದರೆ ಏನೆಂದು ಅವಳಿಗೆ ಅವತ್ತು ತಿಳಿಯಿತು.

ಹಾಗೆ ಕೂತಿದ್ದಾಗಲೇ ಕುಣಿದು ತೋರಿಸಿದ ಬೋಪಯ್ಯ ನೆನಪಾದ.

ಲ್ಯಾಬಿಗೆ ಕುಂಟುತ್ತಾ ಹೋಗಿ ಅವನನ್ನು ಹಿಡಿದು ಕೂರಿಸಿದಳು. “ಬೋಪಯ್ಯ, ನಾವೆಲ್ಲ ತಿಂದು ನೀವು ತಿನ್ನದೆ ಇರೋದು ಏನು?”

“ನಾನು ತಿನ್ನದೆ ಇರೋದು ಏನಿದೆ ಮೇಡಂ?” ಎಂದವನು ಯೋಚಿಸಿ ಮುಖ ಕಿವಿಚಿದ. “ಮೊಸರು. ಅದರ ವಾಸನೆ ಕಂಡರಾಗಲ್ಲ ನನಗೆ. ನಿಮ್ಮ ಕಡೆಯವರು ಅದಿಲ್ಲದೆ ಊಟ ಮುಗಿಸಲ್ಲ ಅಲ್ವಾ?”

ಸಿಂಚನಾ ಊಟದ ಡಬ್ಬಿ ತೆಗೆದಳು. ಮೊಸರನ್ನದ ಅಂಚಿನಿಂದ ಒಂದು ಹನಿ ಮೊಸರನ್ನು ಗಾಜಿನ ಮೇಲೆ ಇಟ್ಟು ಸೂಕ್ಷ್ಮದರ್ಶಕದ ಕೆಳಗೆ ತಳ್ಳಿದಳು.

ದುಂಡು ದುಂಡಗಿನ ಯೀಸ್ಟ್ ಕಣಗಳು ಒಂದರ ಮೇಲೊಂದು ಒತ್ತಿಕೊಂಡು ತುಂಬಿದ್ದವು. ಪ್ರತಿಯೊಂದರ ಮೈಯಿಂದಲೂ ಒಂದು ಮರಿ ಮೊಗ್ಗಿನಂತೆ ಹೊರಬರುತ್ತಿತ್ತು. ಸತ್ತದ್ದು ಮರಿ ಹಾಕುವುದಿಲ್ಲ. ಇವು ಬದುಕಿದ್ದವು. ಪರೀಕ್ಷೆ ಮಾಡಿ ನೋಡಿದಾಗ ಕಾರ್ಖಾನೆಯದೇ ತಳಿ ಎಂದು ಗೊತ್ತಾಯಿತು. ಬಿ-ಸಿಕ್ಸ್ ಎಷ್ಟಿದೆ ಎಂದು ಅಳೆದಳು. ಯಂತ್ರ ತೋರಿಸಿದ್ದನ್ನು ನಂಬದೆ ಮತ್ತೊಮ್ಮೆ ಅಳೆದಳು. ಒಂದು ಬಟ್ಟಲು ಮೊಸರಿನಲ್ಲಿ ಒಂದು ತಿಂಗಳ ಹೊಂಪುಡಿಗಿಂತ ಹೆಚ್ಚಿತ್ತು.

“ಇದು ಹೇಗೆ ಸಾಧ್ಯ?” ಎಂದ ಬೋಪಯ್ಯ. “ನಾವು ಕೊಂದಿದ್ವಲ್ಲ.”

“ಎಲ್ಲವನ್ನೂ ಕೊಂದಿರಲಿಲ್ಲ. ಕೋಟಿಗೊಂದು ಚಿಪ್ಪು ಕಟ್ಟಿಕೊಂಡು ಉಳಿದಿರುತ್ತೆ. ಮೂಟೆಗೆ ಒಂದು ಚಿಟಿಕೆ ನೋಡಿದರೆ ಅದು ನಮ್ಮ ಕೈಗೆ ಸಿಗೋದಿಲ್ಲ. ಸುಮ್ಮನೆ ತಿಂದರೂ ಅದರಿಂದ ಏನೂ ಆಗಲ್ಲ.” ಅವಳು ಊಟದ ಡಬ್ಬಿಯನ್ನು ದೂರ ತಳ್ಳಿದಳು. “ಆದರೆ ಊರಿನ ಮನೆಮನೆಯಲ್ಲೂ ದಿನಾ ಒಂದು ಚಿಟಿಕೆ ತೆಗೆದು ಬೆಚ್ಚಗಿನ ಹಾಲಿಗೆ ಹಾಕಿ ಮುಚ್ಚಿಟ್ಟಿದಾರೆ, ಬೋಪಯ್ಯ. ವರ್ಷಗಟ್ಟಲೆ. ಒಂದೇ ಒಂದು ಮನೆಯಲ್ಲಿ ಒಂದೇ ಒಂದು ಕಣ ಎದ್ದರೆ ಸಾಕು. ಆಮೇಲೆ ಅದನ್ನ ಕಾಪಾಡೋಕೆ ಹೆಪ್ಪಿದೆಯಲ್ಲ.”

ಲ್ಯಾಬಿನವರು ನೋಡಿದ್ದಕ್ಕಿಂತ ಸಾವಿರ ಪಟ್ಟು ಎಚ್ಚರದಿಂದ ಊರಿನ ಅತ್ತೆ ಸೊಸೆಯರು ಆ ಪುಡಿಯನ್ನು ಪರೀಕ್ಷೆ ಮಾಡಿದ್ದರು. ಬದುಕಿದ್ದದ್ದು ಸಿಕ್ಕಾಗ ಅದಕ್ಕೆ ಹಾಲೆರೆದು ಸಾಕಿದ್ದರು. ಕೇಳಿ ಬಂದವರಿಗೆ ಹಂಚಿದ್ದರು.

ಅವಳು ಗಡಿಯಾರ ನೋಡಿದಳು. ಶಾಲೆ ಬಿಡುವ ಹೊತ್ತು. ಚರಣ್‌ಗೆ ಫೋನ್ ಮಾಡಿದಳು. ಬಸ್ಸು ಓಡಿಸುವಾಗ ಅವನು ಫೋನನ್ನು ಬ್ಯಾಗಿನಲ್ಲಿ ಹಾಕಿಡುತ್ತಿದ್ದ. ರಿಂಗ್ ಆಗಿ ಆಗಿ ನಿಂತಿತು.

ಸ್ಕೂಟರ್ ಹತ್ತಿ ನಾಲೆ ಏರಿಯ ಕಡೆ ಹೊರಟಳು. ಬ್ರೇಕು ಕೈಯಲ್ಲೇ ಇದ್ದದ್ದು ಪುಣ್ಯ. ಏರಿಯ ಮೇಲೆ ದಾರಿ ಒಂದು ಬಸ್ಸು ಹಿಡಿಸುವಷ್ಟೇ ಅಗಲ. ಎಡಕ್ಕೆ ತುಂಬಿ ಹರಿಯುವ ನಾಲೆ, ಬಲಕ್ಕೆ ಕಬ್ಬಿನ ಗದ್ದೆಯ ಇಳಿಜಾರು. ದೂರದಲ್ಲಿ ಹಳದಿ ಬಸ್ಸು ಬರುತ್ತಿತ್ತು. ಅವಳು ಸ್ಕೂಟರನ್ನು ದಾರಿಯ ನಡುವೆ ಅಡ್ಡ ನಿಲ್ಲಿಸಿ ಎರಡೂ ಕೈ ಎತ್ತಿ ಕೂಗಿದಳು. ಬಸ್ಸು ನಿಲ್ಲಲಿಲ್ಲ. ಹತ್ತಿರ ಬಂತು. ಇನ್ನೂ ಹತ್ತಿರ ಬಂತು. ನಿಲ್ಲುವುದಿಲ್ಲ ಎಂದು ಅವಳಿಗೆ ಖಚಿತವಾದಾಗ ಜಗ್ಗಿ, ಮುಂದಕ್ಕೆ ಮುಗ್ಗರಿಸಿ, ಅವಳ ಸ್ಕೂಟರಿಗೆ ಮುಟ್ಟಿಯೂ ಮುಟ್ಟದಂತೆ ನಿಂತಿತು. ಒಳಗೆ ಮಕ್ಕಳು ಕಿರುಚಿದರು.

ಸಿಂಚನಾ ಬಾಗಿಲು ತಳ್ಳಿಕೊಂಡು ಹತ್ತಿದಳು. ಅನ್ವಿ ಸೀಟಿನಲ್ಲಿರಲಿಲ್ಲ. ಡ್ರೈವರಿನ ಪಕ್ಕ ನೆಲದ ಮೇಲೆ ಕುಕ್ಕರುಗಾಲಿನಲ್ಲಿ ಕೂತು, ತಲೆ ಬಗ್ಗಿಸಿ, ಅಪ್ಪನ ಬಲಗಾಲನ್ನೇ ನೋಡುತ್ತಿದ್ದಳು. ಅಮ್ಮ ಬಂದರೂ ತಲೆ ಎತ್ತಲಿಲ್ಲ.

“ಬ್ರೇಕ್ ಮೇಲೇ ಇದೆ ಅಪ್ಪ. ಸರಿಯಾಗಿದೆ. ತೆಗೀಬೇಡ.”

ಚರಣ್ ಬೆವರಿನಲ್ಲಿ ತೊಯ್ದು ಹೋಗಿದ್ದ. ಹೆಂಡತಿಯ ಮುಖ ನೋಡಲಾಗದೆ ಎದುರಿನ ಗಾಜನ್ನೇ ನೋಡುತ್ತಾ ಹೇಳಿದ. “ಕಾಲು ಎಲ್ಲದೆ ಅಂತ ಅವಳು ಹೇಳ್ತಾಳೆ. ನಾನು ಒತ್ತುತೀನಿ. ಒಂದಿನಾನೂ ತಪ್ಪು ಹೇಳಿಲ್ಲ ಕಣೆ ಮಗು.”

ಅನ್ವಿ ಆಗ ಅಮ್ಮನ ಕಡೆ ನೋಡಿ ಹೆಮ್ಮೆಯಿಂದ ನಕ್ಕಳು. ಸಿಂಚನಾ ಅವಳನ್ನು ಬಾಚಿ ಎದೆಗೆ ಒತ್ತಿಕೊಂಡು ಗೊಳೋ ಎಂದು ಅತ್ತಳು. ಮಕ್ಕಳನ್ನೆಲ್ಲ ಇಳಿಸಿ ನಡೆಸಿಕೊಂಡು ಮನೆಗೆ ಮುಟ್ಟಿಸಿದರು. ಚರಣ್ ಆಮೇಲೆ ಬಸ್ಸು ಹತ್ತಲಿಲ್ಲ.

ಮಾರನೆಯ ದಿನ ಊರಿಗೆ ಊರೇ ಮೈಕಿನ ಸದ್ದಿಗೆ ಎದ್ದಿತು. ಪುರಸಭೆಯ ಜೀಪು ಬೀದಿ ಬೀದಿಯಲ್ಲಿ ನಿಂತು, ಮನೆಯಲ್ಲಿರುವ ಮೊಸರನ್ನೂ ಹೆಪ್ಪನ್ನೂ ಚೆಲ್ಲಬೇಕು, ಪಾತ್ರೆ ಕುದಿಸಬೇಕು, ಯಾರೂ ಯಾರಿಗೂ ಹೆಪ್ಪು ಕೊಡಬಾರದು ಎಂದು ಹೇಳಿತು. ಕಾರ್ಖಾನೆಯ ಕಡೆಯಿಂದ ಸಿಂಚನಾಳೇ ಮೈಕು ಹಿಡಿದು ಬಿಡಿಸಿ ಹೇಳಿದಳು. ಕೆಟ್ಟದ್ದು ಬೇಗ ನಿಂತರೆ ನರ ನಿಧಾನವಾಗಿ ಚಿಗುರುತ್ತದೆ, ತಡವಾದರೆ ಚಿಗುರುವುದಿಲ್ಲ ಎಂದೂ ಹೇಳಿದಳು. ಜನ ಕೇಳಿಸಿಕೊಂಡರು. ಮಧ್ಯಾಹ್ನದ ಹೊತ್ತಿಗೆ ಚರಂಡಿಯ ತುಂಬ ಮೊಸರು ಹರಿಯಿತು. ಹೊಂಪುಡಿಯ ಡಬ್ಬಿಗಳನ್ನೂ ತಂದು ತಂದು ಕಾರ್ಖಾನೆಯ ಗೇಟಿನ ಮುಂದೆ ಸುರಿದು ಬೆಂಕಿ ಹಚ್ಚಿದರು.

“ಪುಡಿ ಸುಡಬೇಡಿ, ಅದರಲ್ಲಿ ಏನಿಲ್ಲ!” ಎಂದು ಸಿಂಚನಾ ಕೂಗಿದಳು. “ಕೆಟ್ಟಿರೋದು ಹೆಪ್ಪು!”

“ನಿಮ್ಮ ಪುಡಿಗೆ ನೀವು ಹಂಗಲ್ದೆ ಇನ್ನೇನಂದೀರಿ?” ಎಂದು ಯಾರೋ ಗುಂಪಿನಿಂದ ಬೈದರು.

ಮನೆಯಲ್ಲಿ ಜಯಶೀಲಮ್ಮ ಸೊಸೆಯ ಕಣ್ಣೆದುರಿಗೇ ಮೊಸರಿನ ಪಾತ್ರೆಯನ್ನು ಬಚ್ಚಲಿಗೆ ಬೋರಲು ಹಾಕಿದರು. ಹುಣಸೆಹಣ್ಣು ಹಚ್ಚಿ ಉಜ್ಜಿದರು, ಕುದಿಯುವ ನೀರು ಹಾಕಿದರು. ಕಣ್ಣಲ್ಲಿ ನೀರಿತ್ತು. “ಗೌರಿ ಇವತ್ತು ಸತ್ಲು ಕಣವ್ವ,” ಎಂದರು. ಸಿಂಚನಾ ಅವರನ್ನು ತಬ್ಬಿ ಹಿಡಿದಳು.

ದಿನಗಳು ಕಳೆದವು. ಸಿಂಚನಾಳ ಕಾಲಿನಲ್ಲಿ ಇರುವೆ ಹರಿದ ಹಾಗೆ ಆಗತೊಡಗಿತು. ಅದು ನರ ಚಿಗುರುವ ಲಕ್ಷಣ ಎಂದು ಡಾಕ್ಟರ್ ಫಿರೋಜಾ ಹೇಳಿದರು. ಆಕೆಯೂ ಬಿ-ಕಾಂಪ್ಲೆಕ್ಸ್ ಕೊಡುವುದನ್ನು ನಿಲ್ಲಿಸಿದ್ದರು. ಆದರೆ ಚರಣ್‌ಗೆ ಏನೂ ಆಗಲಿಲ್ಲ. ಊರಿನಲ್ಲೂ ಹೆಚ್ಚಿನವರಿಗೆ ಏನೂ ಆಗಲಿಲ್ಲ. ಇನ್ನಷ್ಟು ಜನ ಊರುಗೋಲು ಹಿಡಿದರು. ಕಾಯಬೇಕು, ಸಮಯ ಬೇಕು ಎಂದುಕೊಂಡು ಸಿಂಚನಾ ಕಾಯುತ್ತಿದ್ದಳು.

ಭಾನುವಾರ ಬೆಳಿಗ್ಗೆ ಅವಳು ಹಿತ್ತಿಲಿನಲ್ಲಿ ಬಟ್ಟೆ ಹಾಕುತ್ತಿದ್ದಾಗ ಕಾಂಪೌಂಡಿನ ಬಳಿ ಸುಕನ್ಯಕ್ಕ ಕಾಣಿಸಿದರು. ಅತ್ತೆ ಈ ಕಡೆ ನಿಂತಿದ್ದರು. ಇಬ್ಬರ ನಡುವೆ, ಸೆರಗಿನ ಮರೆಯಲ್ಲಿ, ಒಂದು ಪುಟ್ಟ ಬಟ್ಟಲು ಕೈ ಬದಲಾಯಿಸಿತು.

ಸಿಂಚನಾಳ ಕೈಯಿಂದ ಒದ್ದೆ ಬಟ್ಟೆ ಕೆಳಗೆ ಬಿತ್ತು. ಅವಳು ಹೋಗಿ ಬಟ್ಟಲಿನ ಮುಚ್ಚಳ ತೆಗೆದಳು. ಒಂದು ಚಮಚದಷ್ಟು ಗಟ್ಟಿ ಮೊಸರು, ತೆಳು ಹಳದಿ ಬಣ್ಣ. ಅದೇ ಹುಳಿ ವಾಸನೆ.

“ಅತ್ತೆ, ಇದು ಎಲ್ಲಿಂದ ಬಂತು?”

ಜಯಶೀಲಮ್ಮ ಸ್ವಲ್ಪವೂ ಹೆದರಲಿಲ್ಲ. ತಪ್ಪು ಮಾಡಿದವರ ಮುಖ ಅವರದಾಗಿರಲಿಲ್ಲ. “ಚೆಲ್ಲೋಕೆ ಮುಂಚೆ ಒಂದು ಚಮಚ ಸುಕನ್ಯನ ಮನೇಲಿ ಮಡಗಿದ್ದೆ ಕಣ್ ಮಗ. ಗೌರಿ ಹೆಪ್ಪು ಅದು, ನನ್ನ ಕೈಯಾರ ಹೆಂಗೆ ಕೊಲ್ಲನವ್ವ? ಪುಡಿ ಹಾಕೋದ ಅವತ್ತೇ ಬುಟ್ಟೆ. ಪುಡಿಯಿಂದಲ್ವಾ ಎಲ್ಲಾ ಆಗಿದ್ದು? ಇದು ಬರೀ ಹೆಪ್ಪು. ಇದ್ರಲ್ಲಿ ಏನದೆ?”

“ಜೀಪ್ನೋರು ಬಂದು ಇವ್ರ ಮನೆ ನೋಡುವಾಗ ಇವ್ರದ್ದ ನಾನು ಮಡಗಿದ್ದೆ, ನಮ್ಮನೆ ನೋಡುವಾಗ ನಂದ ಇವ್ರು ಮಡಗಿದ್ರು,” ಎಂದರು ಸುಕನ್ಯಕ್ಕ. “ಬೀದೀಲಿ ಎಲ್ರೂ ಹಂಗೇ ಮಾಡಿದ್ದು. ಸಿಂಚು, ಪುಡಿ ಇಲ್ದೆ ಬರೀ ಮೊಸರು ದಿನಾ ತಿಂದ್ರೆ ಏನೂ ಆಗಕಿಲ್ಲ ತಾನೇ?”

ಊರು ಸತ್ತ ಪುಡಿಯನ್ನು ಸುಟ್ಟು ಹಾಕಿತ್ತು. ಬದುಕಿದ್ದನ್ನು ಸೆರಗಿನಲ್ಲಿ ಮುಚ್ಚಿ ಕಾಪಾಡಿಕೊಂಡಿತ್ತು. ಚರಂಡಿಯಲ್ಲಿ ಹರಿದದ್ದು ಬರೀ ಮೊಸರು, ಹೆಪ್ಪು ಒಂದು ಮನೆಯದೂ ಸತ್ತಿರಲಿಲ್ಲ.

“ಚರಣ್‌ಗೆ ಕೊಟ್ಟಿದೀರಾ?”

“ಮೊಸರಿಲ್ದೆ ಅವನಿಗೆ ಯಾವತ್ತು ಅನ್ನ ಇಳ್ದದೆ? ನೀನು ಕೆಲಸಕ್ಕೆ ಹೋದ್ಮೇಲೆ ಒಸಿ ಕಲಸಿ ಕೊಡ್ತೀನಿ.” ಅತ್ತೆಯ ದನಿ ಈಗ ಸಣ್ಣಗಾಯಿತು. ಸೊಸೆಯ ಮುಖದಲ್ಲಿ ಏನನ್ನೋ ಕಂಡು ಅವರಿಗೂ ಹೆದರಿಕೆ ಹತ್ತಿತ್ತು. “ಮಗೀಗೂ ಕೊಟ್ಟಿದೀನಿ ಕಣವ್ವ. ಸಾಯಂಕಾಲ ಸ್ಕೂಲಿಂದ ಹಸ್ಕೊಂಡು ಬತ್ತದಲ್ಲ.”

ಸಿಂಚನಾ ಬಟ್ಟಲನ್ನು ಕಲ್ಲಿನ ಮೇಲೆ ಅಪ್ಪಳಿಸಿ ಒಳಗೆ ಓಡಿದಳು.

ಅನ್ವಿ ನಡುಮನೆಯ ಚಾಪೆಯ ಮೇಲೆ ಬೋರಲು ಮಲಗಿ ಚಿತ್ರ ಬರೆಯುತ್ತಿದ್ದಳು. ಕಾಲುಗಳು ಮೇಲಕ್ಕೆದ್ದು ಗಾಳಿಯಲ್ಲಿ ಆಡುತ್ತಿದ್ದವು. ಅಮ್ಮ ಪಕ್ಕದಲ್ಲಿ ಕೂತದ್ದನ್ನು ಕಂಡು ಅವಳಿಗೆ ಖುಷಿಯಾಯಿತು. ಬಸ್ಸಿನ ಗಲಾಟೆಯಾದ ಮೇಲೆ ಅವರಿಬ್ಬರೂ ಆಟ ಆಡಿರಲಿಲ್ಲ. ಬಣ್ಣದ ಕಡ್ಡಿ ಬಿಸಾಡಿ, ಅಂಗಾತ ಹೊರಳಿ, ಎರಡೂ ಕಾಲನ್ನು ಅಮ್ಮನ ತೊಡೆಯ ಮೇಲೆ ಇಟ್ಟು ಗಟ್ಟಿಯಾಗಿ ಕಣ್ಣು ಮುಚ್ಚಿದಳು. ಕಚಗುಳಿಗೆ ಮೊದಲೇ ಸಿದ್ಧಳಾಗಿ ತುಟಿ ಕಚ್ಚಿಕೊಂಡಳು.

ಹಿತ್ತಿಲ ಬಾಗಿಲಿನಲ್ಲಿ ಜಯಶೀಲಮ್ಮ ಬಂದು ನಿಂತರು.

ಸಿಂಚನಾ ಮಗಳ ಅಂಗಾಲಿನ ಮೇಲೆ ಉಗುರಿಟ್ಟು ಒಂದು ಅಕ್ಷರ ಬರೆದಳು. ಮತ್ತೆ ಅದರ ಮೇಲೆಯೇ ಒತ್ತಿ ಬರೆದಳು. ಎಳೆಯ ಚರ್ಮದ ಮೇಲೆ ಕೆಂಪು ಗೆರೆ ಎದ್ದಿತು. ಇನ್ನೊಂದು ಕಾಲಿನ ಮೇಲೂ ಬರೆದಳು.

ಅನ್ವಿ ಕಣ್ಣು ಮುಚ್ಚಿಕೊಂಡೇ ಇದ್ದಳು. ಸ್ವಲ್ಪ ಹೊತ್ತು ಕಾದು, ಬೇಸರದಿಂದ ರಾಗ ಎಳೆದಳು.

“ಅಮ್ಮಾ, ಬೇಗ ಶುರು ಮಾಡಮ್ಮ.”